ಮರುಕಳಿಸುವ ದಿನಗಳಿಗೆ ರಿಮೈಂಡ್ ಮೇಲೋ, ಆರ್ಗ್ ಮೋಡ್ ಮೇಲೋ?

ಸರಳ ಪಠ್ಯ ಕಡತದಲ್ಲೇ ದಿನಚರಿ ಇಡುವ ಪುಣೆಯ ಗೆಳೆಯರೊಬ್ಬರು ದಿನಗಳನ್ನು ನೆನಪಿಸುವ ತಂತ್ರಾಂಶವಾದ ರಿಮೈಂಡ್, ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದೊಳಗೆ ಟಿಪ್ಪಣಿ ಮತ್ತು ಕೆಲಸಗಳ ಪಟ್ಟಿ ಇಡುವ ಆರ್ಗ್ ಮೋಡ್, ಈ ಎರಡರಲ್ಲಿ ಯಾವುದನ್ನು ಆಯಬೇಕೆಂದು ಕೇಳಿದ್ದಾರೆ. ಎರಡೂ ಉಚಿತವಾದ್ದರಿಂದ ಖರ್ಚಿನ ಪ್ರಶ್ನೆಯಿಲ್ಲ.

ಮುಖ್ಯವಾದುದು ನಿಯಮ ಬರೆಯುವ ಬಗೆ. ಮಾಟುಂಗದಲ್ಲಿ ನಮ್ಮ ಓದುಗರ ಕೂಟ ಸೇರುವುದು ಎರಡನೆಯ ಶನಿವಾರ. ರಿಮೈಂಡ್‌ನಲ್ಲಿ ‘ಶನಿವಾರ, 8’ ಎಂದು ಅದರ ಸಂಕೇತದಲ್ಲಿ ಬರೆದರೆ ಸಾಕು. 8ನೆಯ ತಾರೀಖಿನಂದು ಅಥವಾ ಅದರ ನಂತರ ಬರುವ ಮೊದಲ ಶನಿವಾರವೇ ಎರಡನೆಯ ಶನಿವಾರವೆಂಬ ಈ ಲೆಕ್ಕ ನನಗೆ ಇಂದಿಗೂ ಬಹಳ ಇಷ್ಟ. ರಜೆಯ ದಿನ ಬಂದರೆ ಹಿಂದೆಮುಂದೆ ಸರಿಸುವ ಸೌಲಭ್ಯವೂ ಅದರಲ್ಲಿದೆ. ಆರ್ಗ್‌ನಲ್ಲಿ ಪ್ರತಿ ವಾರ, ಪ್ರತಿ ತಿಂಗಳು ಎಂಬುದು ಸುಲಭ. ಎರಡನೆಯ ಶನಿವಾರಕ್ಕೆ ಮಾತ್ರ ಈಮ್ಯಾಕ್ಸ್ ಡೈರಿಯ ಸೂತ್ರವನ್ನು ಬರೆಯಬೇಕಾಗುತ್ತದೆ.

ಆದರೆ ನೀರಿನ ಫಿಲ್ಟರ್ ಬದಲಿಸುವಂಥ ಕೆಲಸವನ್ನು ಹತ್ತು ದಿನ ತಡವಾಗಿ ಮುಗಿಸಿದಾಗ, ಮುಗಿಸಿದ ದಿನದಿಂದಲೇ ಮುಂದಿನ ಮೂರು ತಿಂಗಳನ್ನು ಎಣಿಸುವ ಅನುಕೂಲ ಆರ್ಗ್‌ನದು. ಈಮ್ಯಾಕ್ಸ್ ಈಗಾಗಲೇ ಬಳಸುವವರಿಗೆ, ಕೆಲಸಗಳ ಪಟ್ಟಿಯೇ ಪ್ರಧಾನವಾದವರಿಗೆ ಅದು ಒಪ್ಪುತ್ತದೆ. ಸಭೆ, ಕಂತು, ರಜೆಗಳೇ ಹೆಚ್ಚಿದ್ದರೆ ರಿಮೈಂಡ್ ಹಗುರ. ಸಂಕಷ್ಟಿ, ಗಣೇಶ ಚತುರ್ಥಿಗಳನ್ನು ಮಾತ್ರ ಎರಡರಲ್ಲೂ ಪಂಚಾಂಗ ನೋಡಿ ಕೈಯಾರೆ ಬರೆದುಕೊಳ್ಳಬೇಕು.