ಆರು ವರ್ಷ ಬಳಸಿದ ಮೇಲೆ: ವಿಒಐಪಿ ಗೇಟ್‌ವೇ ಕಾಯುವ ಸಾಫ್ಟ್‌ವೇರ್ ಮತ್ತು ಅದರ ಹಸಿರು ಚುಕ್ಕೆ

ನಮ್ಮ ಬಳ್ಳಾರಿ ಆಫೀಸಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಅದಕ್ಕೆ ಬಿಳಿ ಟೇಪ್ ಅಂಟಿಸಿ, ಮಾರ್ಕರ್‌ನಲ್ಲಿ ‘ಅಪ್‌ಡೇಟ್ ಕೇಳಿದ್ರೆ ಬೇಡ ಅನ್ನಿ’ ಅಂತ ಬರೆದಿದ್ದೇವೆ. ನಾನು ಇಲ್ಲಿ ಬರೆಯುತ್ತಿರುವುದು ವಿಒಐಪಿ (ಇಂಟರ್ನೆಟ್ ದಾರಿಯ ಫೋನ್) ಗೇಟ್‌ವೇಗಳನ್ನು ದೂರದಿಂದ ನೋಡಿಕೊಳ್ಳುವ ಸಾಫ್ಟ್‌ವೇರ್ ಬಗ್ಗೆ. ಅದರ ಮೊದಲ ವರ್ಷನ್ ತೆರೆಯುವುದು ಆ ಕಂಪ್ಯೂಟರಿನಲ್ಲಿ ಮಾತ್ರ. ಅದು ಜಾವಾ ವೆಬ್ ಸ್ಟಾರ್ಟ್ (ಬ್ರೌಸರಿನಿಂದ ಜಾವಾ ಪ್ರೋಗ್ರಾಂ ತೆರೆಯುವ ಹಳೇ ವ್ಯವಸ್ಥೆ) ಮೇಲೆ ನಿಂತಿತ್ತು. 2018ರಲ್ಲಿ ಬಂದ ಜಾವಾ 11ರಿಂದ ವೆಬ್ ಸ್ಟಾರ್ಟನ್ನೇ ತೆಗೆದುಹಾಕಿದರು. ನಾವು ಇದನ್ನು ಕೊಂಡದ್ದು 2019ರಲ್ಲಿ! ಮಾರಿದವರಿಗೆ ಗೊತ್ತಿತ್ತು, ಕೊಂಡವರಿಗೆ ಗೊತ್ತಿರಲಿಲ್ಲ. ಬ್ರೌಸರಿನಲ್ಲಿ ಓಡುವ ಹೊಸ ವರ್ಷನ್ ಕೈಗೆ ಬರಲು ಎರಡು ವರ್ಷ ಕಾದೆವು. ಹಳೇ ಅಲಾರ್ಮ್ ದಾಖಲೆ ಇನ್ನೂ ಅದರಲ್ಲೇ ಇರುವುದರಿಂದ ಆ ಕಂಪ್ಯೂಟರ್ ಎಸೆಯಲು ಧೈರ್ಯವಿಲ್ಲ. ಇಂಟರ್ನೆಟ್ ವೈರ್ ಕಿತ್ತು ಕೂರಿಸಿದ್ದೇವೆ.

ಕಂಪನಿಯ ಹೆಸರು ಹೇಳುವುದಿಲ್ಲ. ಗೇಟ್‌ವೇ ಮಾಡಿದವರೇ ಜೊತೆಗೆ ಮಾರುವ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಇದು, ನಮ್ಮ ಬಾಯಲ್ಲಿ ‘ಇಎಂಎಸ್’. ಈ ಥರದವೆಲ್ಲ ಹೆಚ್ಚು ಕಡಿಮೆ ಒಂದೇ ಅಚ್ಚಿನವು. ಹಾಗಾಗಿ ಬೇರೆ ಕಂಪನಿಯದ್ದು ಬಳಸುವವರಿಗೂ ಇದರಲ್ಲಿ ಸ್ವಲ್ಪ ಉಪಯೋಗ ಆದೀತು.

ಗೊತ್ತಿಲ್ಲದವರಿಗೆ ಎರಡೇ ಮಾತು. ಗೇಟ್‌ವೇ ಅಂದ್ರೆ ಟೆಲಿಫೋನ್ ಲೈನಿನ ಮಾತನ್ನು ಐಪಿ ಪ್ಯಾಕೆಟ್ ಮಾಡಿ ಕಳಿಸುವ ಪೆಟ್ಟಿಗೆ. ಒಂದು ಕಡೆ ಇ-1 ಲೈನು (ಹಲವು ಕಾಲ್‌ಗಳನ್ನು ಒಟ್ಟಿಗೆ ಒಯ್ಯುವ ಡಿಜಿಟಲ್ ಟೆಲಿಫೋನ್ ಲೈನು), ಇನ್ನೊಂದು ಕಡೆ ಇಥರ್ನೆಟ್. ಒಂದು ಇ-1ರಲ್ಲಿ 32 ಟೈಮ್‌ಸ್ಲಾಟ್. ಸಿಂಕ್‌ಗೆ ಒಂದು, ಸಿಗ್ನಲಿಂಗ್‌ಗೆ ಒಂದು ಹೋದರೆ ಮಾತಿಗೆ ಉಳಿಯುವುದು 30. ಬಳ್ಳಾರಿ, ತೋರಣಗಲ್ಲು, ಸಿರುಗುಪ್ಪ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಸಿಂಧನೂರು, ಲಿಂಗಸುಗೂರು, ರಾಯಚೂರು, ಹೀಗೆ ಬೇರೆ ಬೇರೆ ಊರುಗಳಲ್ಲಿ ನಮ್ಮದು 26 ಪೆಟ್ಟಿಗೆ ಇವೆ. ನೋಡಿಕೊಳ್ಳುವವರು ನಾಲ್ಕು ಜನ, ಕಾರು ಒಂದು. ಅದಕ್ಕೇ ಕೂತಲ್ಲಿಂದ ನೋಡುವ ಸಾಫ್ಟ್‌ವೇರ್ ಬೇಕಾಯಿತು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಯಾಕಂದ್ರೆ ಆಮೇಲೆ ಬೈಯುವುದು ಜಾಸ್ತಿ ಇದೆ.

ಇ-1 ಅಲಾರ್ಮ್ ತೋರಿಸುವುದರಲ್ಲಿ ಇದಕ್ಕೆ ಎದುರಿಲ್ಲ. ಎಲ್‌ಒಎಸ್ ಅಂದ್ರೆ ಲೈನಿನಿಂದ ನಮ್ಮ ಪೆಟ್ಟಿಗೆಗೆ ಏನೂ ಬರುತ್ತಿಲ್ಲ, ವೈರೇ ಸತ್ತಿದೆ. ಎಐಎಸ್ ಅಂದ್ರೆ ವೈರ್ ಬದುಕಿದೆ, ಆದರೆ ಅದರ ಹಿಂದೆ ಎಲ್ಲೋ ಕೆಟ್ಟಿದೆ, ನಡುವಿನ ಸಾಧನ ಬರೀ ಒಂದು ಒಂದು ಒಂದು ಅಂತ ಕಳಿಸುತ್ತಿದೆ. ಆರ್‌ಎಐ ಅಂದ್ರೆ ಆ ಕಡೆಯವರು ‘ನಿಮ್ಮದು ನಮಗೆ ಕೇಳಿಸುತ್ತಿಲ್ಲ’ ಅನ್ನುತ್ತಿದ್ದಾರೆ. ಹುಡುಗನನ್ನು ಯಾವ ಕಡೆ ಓಡಿಸಬೇಕು ಅನ್ನುವುದು ಈ ಮೂರರ ಮೇಲೆ ನಿಂತಿದೆ. ಒಮ್ಮೆ ಲಿಂಗಸುಗೂರಿನಲ್ಲಿ ಎರಡು ಇ-1 ಬಿದ್ದವು, ಎಲ್‌ಒಎಸ್. ಲೈನ್ ಕೊಟ್ಟವರು ‘ನಿಮ್ಮ ಕಾರ್ಡೇ ಕೆಟ್ಟಿದೆ’ ಅಂದರು. ಇಲ್ಲೇ ಕೂತು ಇಎಂಎಸ್‌ನಿಂದ ಪೋರ್ಟ್‌ಗೆ ಲೂಪ್‌ಬ್ಯಾಕ್ ಹಾಕಿದೆ. ಅಲಾರ್ಮ್ ತಕ್ಷಣ ಹೋಯಿತು, ಪೆಟ್ಟಿಗೆ ತನ್ನ ಮಾತು ತಾನೇ ಕೇಳಿಸಿಕೊಂಡಿತು. ಲೂಪ್ ತೆಗೆದರೆ ಮತ್ತೆ ಕೆಂಪು. ಆ ಸ್ಕ್ರೀನಿನ ಫೋಟೋ ಕಳಿಸಿದ ಅರ್ಧ ಗಂಟೆಯಲ್ಲಿ ಅವರೇ ಹೋಗಿ ತಮ್ಮ ಕಡೆಯ ಕನೆಕ್ಟರ್ ಬದಲಿಸಿದರು. ನಮಗೆ ಹೋಗಿಬರುವ ಆರು ಗಂಟೆ ಉಳಿಯಿತು.

ಉಷ್ಣತೆಯ ಗ್ರಾಫ್ ಇನ್ನೊಂದು. ಬೆಂಗಳೂರಿನವರು ಇದನ್ನು ತೆರೆದೂ ನೋಡುವುದಿಲ್ಲವೇನೋ. ರಾಯಚೂರಿನ ಮೇ ತಿಂಗಳು ಗೊತ್ತಲ್ಲ, ಎಸಿ ಕೈಕೊಟ್ಟರೆ ಪೆಟ್ಟಿಗೆ ಬೇಯುತ್ತದೆ. ಕಂಪನಿ ಇಟ್ಟ ಮಿತಿ ದಾಟಿದ ಮೇಲೆ ಅಲಾರ್ಮ್ ಬಂದರೆ ಪ್ರಯೋಜನವಿಲ್ಲ, ಅಷ್ಟೊತ್ತಿಗೆ ಕಾರ್ಡ್ ತಾನೇ ಆಫ್ ಆಗಿರುತ್ತದೆ. ನಾವು ಮಿತಿಯನ್ನು 38 ಡಿಗ್ರಿಗೆ ಇಳಿಸಿದ್ದೇವೆ. ಹೋದ ವರ್ಷ ಒಂದು ಮಧ್ಯಾಹ್ನ 31 ಇದ್ದದ್ದು 40 ನಿಮಿಷದಲ್ಲಿ 44ಕ್ಕೆ ಏರಿತು. ಅಲ್ಲಿನ ವಾಚ್‌ಮನ್‌ಗೆ ಫೋನ್ ಮಾಡಿ, “ತಾತಾ, ಬಾಗ್ಲ ತೆಗೀರಿ, ಟೇಬಲ್ ಫ್ಯಾನ್ ತಂದು ಮುಂದ ಇಡ್ರಿ” ಅಂದೆ. “ನಂಗ ಗಾಳಿ ಇಲ್ಲ, ನಿನ್ ಡಬ್ಬಿಗೆ ಫ್ಯಾನ್ ಬೇಕಾ?” ಅಂತ ಬೈದುಕೊಂಡೇ ತಂದಿಟ್ಟರು. ಗ್ರಾಫಿನ ಗೆರೆ ಮೆಲ್ಲಗೆ ಬಾಗಿದ್ದನ್ನು ಬಳ್ಳಾರಿಯಲ್ಲಿ ಕೂತು ನೋಡಿದೆ. ಮೆಕ್ಯಾನಿಕ್ ಬಂದದ್ದು ಸಂಜೆ.

ಎಲ್ಲ ಪೆಟ್ಟಿಗೆಗೂ ಒಟ್ಟಿಗೆ ಬದಲಾವಣೆ ಕಳಿಸುವ ಸೌಲಭ್ಯವೂ ಚೆನ್ನಾಗಿದೆ, ಆದರೆ ಒಂದು ಕೊಕ್ಕೆ ಇದೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕಲೇಬೇಕು ಅಂತ ಆಯಿತಲ್ವಾ, ಆಗ ಎಲ್ಲ ಪೆಟ್ಟಿಗೆಗಳ ಡಯಲ್ ಪ್ಲಾನ್ (ಯಾವ ನಂಬರ್ ಒತ್ತಿದರೆ ಕಾಲ್ ಹೇಗೆ ಹೋಗಬೇಕು ಅನ್ನುವ ನಿಯಮ) ತಿದ್ದಬೇಕಿತ್ತು. ಸಂಕ್ರಾಂತಿ ದಿನ ಮನೆಯವರೆಲ್ಲ ಹಂಪಿಗೆ ಹೋಗಿದ್ದರು, ನಾನು ಆಫೀಸಿನಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ತಿಂದುಕೊಂಡು ಟೆಂಪ್ಲೇಟ್ ಮಾಡುತ್ತಿದ್ದೆ. ಆಗ 22 ಪೆಟ್ಟಿಗೆ ಇದ್ದವು. ರಾತ್ರಿ 12ಕ್ಕೆ ಒತ್ತಿದೆ, ಐದು ನಿಮಿಷದಲ್ಲಿ 22ಕ್ಕೂ ‘ಸಕ್ಸಸ್’ ಅಂತ ಬಂತು. ಸಂತೋಷಪಟ್ಟು ಮಲಗಬಹುದಿತ್ತು. ಒಂದೊಂದರಿಂದಲೂ ಟೆಸ್ಟ್ ಕಾಲ್ ಮಾಡಿದ್ದರಿಂದ ಬಚಾವಾದೆ. ಸಿರುಗುಪ್ಪದ ಪೆಟ್ಟಿಗೆಯ ಫರ್ಮ್‌ವೇರ್ ಹಳೆಯದು, ಅದು ಹೊಸ ನಿಯಮದಲ್ಲಿ ಅರ್ಧ ತೆಗೆದುಕೊಂಡು ಅರ್ಧ ಬಿಟ್ಟಿತ್ತು. ಸಾಫ್ಟ್‌ವೇರಿನ ಲೆಕ್ಕದಲ್ಲಿ ‘ಸಕ್ಸಸ್’ ಅಂದ್ರೆ ‘ಕಳಿಸಿದೆ’ ಅಂತ ಅಷ್ಟೇ. ಮುಟ್ಟಿತೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಆಮೇಲೆ ಕೈಯಿಂದಲೇ ಹಾಕಿದೆ.

ಬ್ಯಾಕಪ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ದಿನಾ ರಾತ್ರಿ ತೆಗೆದಿಡುತ್ತದೆ, ಎರಡು ಸಲ ಕಾರ್ಡ್ ಸುಟ್ಟಾಗ ಕಾಪಾಡಿದೆ.

ಇನ್ನು ಬೈಗುಳ.

ಈ ಸಾಫ್ಟ್‌ವೇರ್ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಸ್ಥಿತಿ ತಿಳಿಯುವ ಪದ್ಧತಿ) ಟ್ರಾಪ್ ನಂಬಿಕೊಂಡು ಬದುಕುತ್ತದೆ. ಟ್ರಾಪ್ ಅಂದ್ರೆ ಪೆಟ್ಟಿಗೆ ತಾನಾಗಿ ‘ನನಗೆ ಹೀಗಾಯ್ತು’ ಅಂತ ಯುಡಿಪಿ 162ನೇ ಪೋರ್ಟಿಗೆ ಕಳಿಸುವ ಚೀಟಿ. ಚೀಟಿ ಸಿಕ್ಕಿತು ಅಂತ ಯಾರೂ ವಾಪಸ್ ಹೇಳುವುದಿಲ್ಲ. ದಾರಿಯಲ್ಲಿ ಕಳೆದರೆ ಕಳೆದದ್ದೇ. ಲಿಂಕ್ ಕುಂಟುತ್ತಿರುವ ಹೊತ್ತಲ್ಲೇ ಅಲಾರ್ಮ್ ಹುಟ್ಟುವುದು, ಅದೇ ಹೊತ್ತಲ್ಲೇ ಚೀಟಿ ಕಳೆಯುವುದು. ಕುಷ್ಟಗಿಯ ಒಂದು ಪೋರ್ಟ್ 19 ದಿನ ಕೆಂಪಾಗೇ ಇತ್ತು. ಲೈನ್ ಮೊದಲ ದಿನವೇ ಸರಿಯಾಗಿತ್ತು, ‘ಸರಿಯಾಯ್ತು’ ಅನ್ನುವ ಚೀಟಿ ಮಾತ್ರ ಬಂದಿರಲಿಲ್ಲ. ಪೆಟ್ಟಿಗೆಗಳನ್ನು ತಾನಾಗಿ ಹೋಗಿ ಕೇಳುವ ಒಂದು ಸೆಟ್ಟಿಂಗ್ ಇದೆ, ಕೊಳ್ಳುವಾಗ ಅದು 24 ಗಂಟೆಗೆ ಒಮ್ಮೆ ಅಂತ ಇರುತ್ತದೆ. ನಾವು 5 ನಿಮಿಷ ಮಾಡಿದೆವು. ಹೊಸದಾಗಿ ಕೊಂಡವರು ಮೊದಲ ದಿನವೇ ಇದನ್ನು ನೋಡಿಕೊಳ್ಳಿ.

ಸಿಂಧನೂರಿನಲ್ಲಿ ಕರೆಂಟ್ ಹೋದಾಗ ಇನ್ನೊಂದು ನಾಟಕ. 16 ಇ-1ಗಳ ಲೈನ್ ಬರುವುದು ಒಂದೇ ಮಕ್ಸ್‌ನಿಂದ (ಹಲವು ಲೈನ್‌ಗಳನ್ನು ಒಟ್ಟುಗೂಡಿಸಿ ಬಿಡಿಸುವ ಸಾಧನ). ಅದು ಸತ್ತರೆ ಒಂದೊಂದಕ್ಕೂ ಎಲ್‌ಒಎಸ್, ಆಮೇಲೆ ಡಿ-ಚಾನಲ್ (ಸಿಗ್ನಲಿಂಗ್ ಹೋಗುವ ದಾರಿ) ಡೌನ್, ಆಮೇಲೆ ಟ್ರಂಕ್ (ಕಾಲ್‌ಗಳು ಹೋಗುವ ದಾರಿ) ಔಟ್. ಕೆಟ್ಟದ್ದು ಒಂದು, ಸ್ಕ್ರೀನ್ ಮೇಲೆ 48 ಸಾಲು. ‘ಇವೆಲ್ಲಕ್ಕೂ ಮೂಲ ಒಂದೇ’ ಅಂತ ಗುರುತಿಸುವ ಮಾಡ್ಯೂಲ್ ಬೇರೆ ಇದೆಯಂತೆ, ಅದಕ್ಕೆ ಬೇರೆ ದುಡ್ಡು. ಅದೇ ರಾತ್ರಿ ತೋರಣಗಲ್ಲಿನಿಂದ ಬಂದ, ನಿಜವಾಗಿ ನೋಡಬೇಕಿದ್ದ ಒಂದು ಅಲಾರ್ಮ್ ಆ 48ರ ನಡುವೆ ಮುಳುಗಿಹೋಯಿತು.

1970ರ ಕಥೆ ಹೇಳದಿದ್ದರೆ ನಮ್ಮ ಹುಡುಗರು ಒಪ್ಪುವುದಿಲ್ಲ. ಒಂದು ಪೆಟ್ಟಿಗೆಯ ಒಳಗಿನ ಗಡಿಯಾರದ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದಾಗ, ಟೈಮ್ ಕೊಡುವ ಸರ್ವರ್ ಸಿಗುವ ತನಕ ಅದಕ್ಕೆ ಇದು 1970ರ ಜನವರಿ 1, ಬೆಳಿಗ್ಗೆ 5:30. ಕಂಪ್ಯೂಟರ್ ಲೆಕ್ಕದ ಸೊನ್ನೆ ಹೊತ್ತು ನಮ್ಮ ದೇಶದ ಟೈಮಿನಲ್ಲಿ ಹಾಗೆ ಕಾಣುತ್ತದೆ. ಸಾಫ್ಟ್‌ವೇರ್ ತನಗೆ ಚೀಟಿ ಬಂದ ಹೊತ್ತನ್ನು ಬಿಟ್ಟು, ಪೆಟ್ಟಿಗೆ ಹೇಳಿದ ಹೊತ್ತನ್ನೇ ಬರೆದುಕೊಳ್ಳುತ್ತದೆ. ನಾವು ನೋಡುತ್ತಿದ್ದದ್ದು ‘ಕಳೆದ 24 ಗಂಟೆ’ ಪಟ್ಟಿ. ಕ್ರಿಟಿಕಲ್ ಅಲಾರ್ಮ್ ಅಲ್ಲಿ ಇಲ್ಲವೇ ಇಲ್ಲ. ಪಟ್ಟಿಯನ್ನು ಸುಮ್ನೆ ತಿರುಗಿಸಿ ಹಳೆಯದು ಮೊದಲು ಅಂತ ಜೋಡಿಸಿದಾಗ ಮೇಲೆಯೇ ಕೂತಿತ್ತು. “ಸರ್, ನಾನು ಹುಟ್ಟೋಕಿಂತ ಮೊದ್ಲೇ ಕೆಟ್ಟೈತ್ರೀ ಇದು” ಅಂದ ನಮ್ಮ ಹುಡುಗ.

ಇವೆಲ್ಲ ಸಹಿಸಬಹುದು. ನನ್ನ ನಿಜವಾದ ತಕರಾರು, ಎಲ್ಲ ಸರಿ ಇದೆ ಅಂತ ಸ್ಕ್ರೀನಿನಲ್ಲಿ ತೋರಿಸುವ ಆ ಹಸಿರು ಚುಕ್ಕೆಯ ಮೇಲೆ.

2023ರ ನವೆಂಬರ್, ಗಂಗಾವತಿ. ಭತ್ತದ ಕಟಾವಿನ ಕಾಲ, ರೈಸ್ ಮಿಲ್ಲುಗಳಿಗೆ ಫೋನ್ ಬಿಡುವಿಲ್ಲದ ಹೊತ್ತು. ಒಬ್ಬ ಮಿಲ್ ಸಾವ್ಕಾರರು ಫೋನ್ ಮಾಡಿ, “ನಾ ಮಾತಾಡಿದ್ದು ಅವರಿಗೆ ಕೇಳ್ತೈತಿ, ಅವರದ್ದು ನಂಗ ಕೇಳವಲ್ದು. ರೇಟ್ ಹೇಳಿದ್ರೋ ಬೈದ್ರೋ ಒಂದೂ ಗೊತ್ತಾಗವಲ್ದು” ಅಂದರು. ಹುಡುಗನನ್ನು ಕೇಳಿದೆ. “ಎಲ್ಲಾ ಗ್ರೀನ್ ಐತ್ರಿ ಸರ್” ಅಂದ. ನಾನೂ ನೋಡಿದೆ. ಪೆಟ್ಟಿಗೆ ಹಸಿರು, ಇ-1 ಹಸಿರು, ಎಸ್‌ಐಪಿ ಟ್ರಂಕ್ (ಐಪಿ ಕಡೆಯಿಂದ ಕಾಲ್ ಜೋಡಿಸುವ ದಾರಿ) ಹಸಿರು. ಮಾಡಿದ ಕಾಲ್‌ಗಳಲ್ಲಿ ಎಷ್ಟಕ್ಕೆ ಉತ್ತರ ಸಿಕ್ಕಿತು ಅನ್ನುವ ಲೆಕ್ಕ, ಎಎಸ್‌ಆರ್, ಹೋದ ವಾರಕ್ಕಿಂತ ಚೆನ್ನಾಗಿತ್ತು! ಸಾವ್ಕಾರರ ಫೋನ್ ಸೆಟ್ಟೇ ಸರಿಯಿಲ್ಲ ಅಂದುಕೊಂಡು ಎರಡು ದಿನ ಕಳೆದೆವು. ಇದಕ್ಕೆ ಇವತ್ತಿಗೂ ನಾಚಿಕೆ ಇದೆ.

ಮೂರನೇ ದಿನ ಇನ್ನೂ ಮೂರು ಮಿಲ್ಲಿನವರು ಅದೇ ಹೇಳಿದರು. ಆಗ ಕಾಲ್ ದಾಖಲೆ ತೆಗೆದು ಒಂದು ಕಾಲ್ ಸರಾಸರಿ ಎಷ್ಟು ಹೊತ್ತು ನಡೆಯುತ್ತಿದೆ ಅಂತ ನೋಡಿದೆ. ಯಾವಾಗಲೂ 2 ನಿಮಿಷ 40 ಸೆಕೆಂಡಿನ ಆಸುಪಾಸು ಇರುವುದು, 1 ನಿಮಿಷ 20ಕ್ಕೆ ಬಂದಿತ್ತು. ಬಿಡಿಸಿ ನೋಡಿದರೆ ಅರ್ಧದಷ್ಟು ಕಾಲ್‌ಗಳು ಹತ್ತು-ಹನ್ನೆರಡು ಸೆಕೆಂಡಿಗೇ ಮುಗಿದಿವೆ. ಅಂದ್ರೆ ಜನ ‘ಹಲೋ ಹಲೋ’ ಅಂದು ಇಟ್ಟು, ಮತ್ತೆ ಮಾಡುತ್ತಿದ್ದಾರೆ. ಆ ಕಡೆಯವರು ಫೋನ್ ಪಕ್ಕದಲ್ಲೇ ಇರುವುದರಿಂದ ತಕ್ಷಣ ಎತ್ತುತ್ತಾರೆ. ಎಎಸ್‌ಆರ್ ಚೆಂದ ಕಂಡದ್ದು ಅದಕ್ಕೇ. ಜನ ಒದ್ದಾಡಿದಷ್ಟೂ ನಮ್ಮ ಸ್ಕ್ರೀನಿನಲ್ಲಿ ಅಂಕಿ ಏರುತ್ತಿತ್ತು.

ವೈರ್‌ಶಾರ್ಕ್ ಹಾಕಿ ಪ್ಯಾಕೆಟ್ ಹಿಡಿದರೆ ಮಾತಿನ ಆರ್‌ಟಿಪಿ ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು. ಹಿಂದಿನ ವಾರ ಫೈರ್‌ವಾಲ್ ಬದಲಿಸಿದ್ದೆವು. ಕಾಲ್ ಜೋಡಿಸುವ 5060 ಪೋರ್ಟ್ ತೆರೆದಿತ್ತು, ಮಾತು ಹೋಗುವ ಆರ್‌ಟಿಪಿ ಪೋರ್ಟ್‌ಗಳ ಸಾಲಿನಲ್ಲಿ ಅರ್ಧ ಬಿಟ್ಟುಹೋಗಿತ್ತು. ಪೋರ್ಟ್ ತೆರೆದ ಅರ್ಧದಲ್ಲಿ ಸಿಕ್ಕಿದರೆ ಮಾತು ಸರಿ, ಇಲ್ಲದಿದ್ದರೆ ಮೂಕ. ನಮ್ಮದೇ ತಪ್ಪು, ಸಾಫ್ಟ್‌ವೇರಿನದ್ದಲ್ಲ, ನಿಜ. ಆದರೆ ಕಾಲ್‌ನ ಅರ್ಧ ಮಾತು ಬರುತ್ತಿಲ್ಲ ಅನ್ನುವುದು ಪೆಟ್ಟಿಗೆಗೆ ಗೊತ್ತಿರುತ್ತದೆ, ಬಂದ ಪ್ಯಾಕೆಟ್‌ಗಳನ್ನು ಅದೇ ಎಣಿಸುತ್ತದೆ. ಆ ಎಣಿಕೆಯನ್ನು ಇಎಂಎಸ್ ಕೇಳುವುದೇ ಇಲ್ಲ. ಕೇಳಬೇಕಾದರೆ ‘ವಾಯ್ಸ್ ಕ್ವಾಲಿಟಿ’ ಮಾಡ್ಯೂಲ್ ಕೊಳ್ಳಬೇಕು. ಮೂರು ತಿಂಗಳು ಟ್ರಯಲ್ ತೆಗೆದುಕೊಂಡೆವು. ಮಾತಿನ ಗುಣಮಟ್ಟಕ್ಕೆ ಐದಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ, ಅದೂ 15 ನಿಮಿಷದ ಸರಾಸರಿ ಮಾತ್ರ. ಎರಡು ನಿಮಿಷ ಮಾತು ಒಡೆದು ಬಂದದ್ದು 15ರಲ್ಲಿ ಕರಗಿ 4.1 ಅಂತ ಕಾಣುತ್ತದೆ. ಜಿ.711ಗೆ (ಮಾತನ್ನು ಅಂಕಿಯಾಗಿಸುವ ಒಂದು ವಿಧಾನ) ಮೇಲಿನ ತುದಿಯೇ 4.4ರ ಹತ್ತಿರ, ಹಾಗಾಗಿ 4.1 ನೋಡಿದವರು ಯಾರೂ ಎದ್ದು ಕೂರುವುದಿಲ್ಲ.

ಆಮೇಲೆ ನಾವೇ ಒಂದು ದಾರಿ ಮಾಡಿಕೊಂಡೆವು. ಪಕ್ಕದಲ್ಲಿ ಪುಕ್ಕಟೆ ಸಿಗುವ ಜಬಿಕ್ಸ್ ಅನ್ನುವ ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಿದ್ದೇವೆ. ಕಾಲ್ ದಾಖಲೆಯಿಂದ ಊರೂರಿನ ಸರಾಸರಿ ಹೊತ್ತು ತೆಗೆದು, ವಾಡಿಕೆಗಿಂತ ಮೂರನೇ ಒಂದು ಭಾಗ ಇಳಿದರೆ ಮೊಬೈಲಿಗೆ ಮೆಸೇಜ್ ಬರುತ್ತದೆ. ಜೊತೆಗೆ 10 ನಿಮಿಷಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಪ್ರತಿ ಪೆಟ್ಟಿಗೆಗೂ ಕಾಲ್ ಮಾಡಿ, ಒಂದು ಟೋನ್ ಕಳಿಸಿ, ಅದು ವಾಪಸ್ ಕೇಳಿಸಿತೇ ಅಂತ ನೋಡುತ್ತದೆ. ಆ ಎರಡೂ ಬಂದ ಮೇಲೆ ಗಂಗಾವತಿ ಥರದ್ದು ಮತ್ತೆ ಎರಡು ಸಲ ಆಗಿದೆ, ಗಿರಾಕಿ ಫೋನ್ ಮಾಡುವ ಮೊದಲೇ ನಮಗೆ ಗೊತ್ತಾಗಿದೆ.

ಸಪೋರ್ಟ್ ಬಗ್ಗೆ ಚುಟುಕಾಗಿ: ಟಿಕೆಟ್ ಹಾಕಿದರೆ ಮೊದಲ ಉತ್ತರ ಯಾವಾಗಲೂ ‘ಹೊಸ ವರ್ಷನ್ ಹಾಕಿಕೊಳ್ಳಿ’. ಎರಡನೆಯ ಉತ್ತರಕ್ಕೆ ಒಂದು ವಾರ. 25 ಪೆಟ್ಟಿಗೆಯ ಲೈಸೆನ್ಸ್ ಇದ್ದಾಗ 26ನೆಯದು ಸೇರಿಸಲು ಹೋದರೆ ಒಂದೇ ಒಂದು ಸಿಗಲಿಲ್ಲ, 10ರ ಕಟ್ಟು ಕೊಳ್ಳಬೇಕಾಯಿತು. ಕೊಂಡಾಗ ಎಸ್‌ಎನ್‌ಎಂಪಿ ಕಮ್ಯುನಿಟಿ ಹೆಸರು (ಪಾಸ್‌ವರ್ಡ್ ಥರದ್ದು) ‘ಪಬ್ಲಿಕ್’ ಅಂತಲೇ ಇತ್ತು, ಅದೂ ವೈರ್ ಮೇಲೆ ಯಾರು ಬೇಕಾದರೂ ಓದುವ ಹಾಗೆ. ಹೊಸ ವರ್ಷನ್‌ನಲ್ಲಿ ಇದನ್ನು ಗುಟ್ಟಾಗಿಡಬಲ್ಲ ಎಸ್‌ಎನ್‌ಎಂಪಿ ವಿ3 ಬಂದಿದೆ, ಅಪ್‌ಗ್ರೇಡ್ ಮಾಡಲು ಅದೊಂದೇ ಕಾರಣ ಸಾಕು.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಇ-1 ಇರುವ ತನಕ ಇದನ್ನು ಬಿಡುವ ಹಾಗಿಲ್ಲ. ಪೂರ್ತಿ ಎಸ್‌ಐಪಿ ಟ್ರಂಕ್ ಇರುವವರು ಇಷ್ಟು ದುಡ್ಡು ಸುರಿಯುವ ಮೊದಲು ಪುಕ್ಕಟೆಯವನ್ನು ಒಮ್ಮೆ ಹಾಕಿ ನೋಡಿ. ಮಾರ್ಚ್‌ನಲ್ಲಿ ನಮ್ಮ ರಿನ್ಯೂವಲ್ ಇದೆ. ಲೈಸೆನ್ಸ್ ಮುಂದುವರಿಸಿ, ಕ್ವಾಲಿಟಿ ಮಾಡ್ಯೂಲ್ ಬೇಡ ಅಂತ ಬರೆದು ಕಳಿಸಿದ್ದೇನೆ. ಅದರ ದುಡ್ಡಿನಲ್ಲಿ ಕುಷ್ಟಗಿಗೆ ಯುಪಿಎಸ್ ಬ್ಯಾಟರಿ, ರಾಯಚೂರಿನ ತಾತನಿಗೆ ಒಂದು ಫ್ಯಾನ್ ಬರುತ್ತದೆ.