ಬೂಷ್ಟು ಒರೆಸಿ ವಾರ್ನಿಷ್ ಬಳಿದು ಕೊಟ್ಟರು, ಒಳಗೆ ಮರವೇ ಉಳಿದಿಲ್ಲ

ಹಳೆಯ ಚಿತ್ರಿತ ಮರದ ಹಲಗೆ, ಬಾಗಿಲು, ಪೆಟ್ಟಿಗೆ ಇರುವವರು ದಯವಿಟ್ಟು ಓದಿ. "ಬರೀ ಬೂಷ್ಟು ತಾನೇ, ಒರೆಸಿ ವಾರ್ನಿಷ್ ಬಳಿದರೆ ಹೊಸದಾಗುತ್ತದೆ" ಎನ್ನುವವರ ಕೈಗೆ ಕೊಡಲೇಬೇಡಿ.

ನಮ್ಮದು ಮುತ್ತಜ್ಜನ ಕಾಲದ ಹಲಗೆ. ಸುಣ್ಣದ ತಳಪದರದ ಮೇಲೆ ಚಿತ್ರ, ಅಂಚಿಗೆ ಚಿನ್ನದ ರೇಕು. ಬೂಷ್ಟು ಹಿಡಿದಿತ್ತೆಂದು ಇಂಥ ದುರಸ್ತಿಯವರ ಕೈಗೆ ಕೊಟ್ಟೆ. ಹೊಳೆಹೊಳೆಯುವಂತೆ ಮಾಡಿ ತಂದರು, ಹಣ ಎಣಿಸಿಕೊಂಡು ಹೋದರು. ಬಂದವರಿಗೆಲ್ಲ ತೋರಿಸಿ ಮೆರೆದದ್ದೂ ಆಯಿತು. ಈಗ ಅವರಿಗೆ ಮುಖ ತೋರಿಸುವುದು ಹೇಗೆ?

ಸ್ವಲ್ಪ ದಿನಕ್ಕೆ ಚಿತ್ರದ ಮೇಲೆ ಗುಳ್ಳೆ ಎದ್ದಿತು. ಬೆರಳಿನಿಂದ ಮೆಲ್ಲಗೆ ಮುಟ್ಟಿದೆ, ಅಷ್ಟೇ. ಬಣ್ಣ ಒಳಕ್ಕೆ ಕುಸಿಯಿತು! ತಿರುಗಿಸಿ ಸೂಜಿ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದಂತೆ ಇಳಿಯಿತು. ವಾರ್ನಿಷ್ ಕೆರೆದು ನೋಡಿದೆ: ಕಂದು ತಿರುಗಿದ ಮರ, ಉದ್ದಕ್ಕೂ ಅಡ್ಡಕ್ಕೂ ಸೀಳಿ ಚೌಕ ಚೌಕ ತುಂಡು, ಉಜ್ಜಿದರೆ ಪುಡಿ. ಪೂರ್ತಿ ಕುಂಬಾಗಿತ್ತು. ಹಿಂಬದಿಗೆ ಅಷ್ಟು ದಪ್ಪ ವಾರ್ನಿಷ್ ಯಾಕೆ ಬಳಿದರು ಎಂದು ಆಗ ತಿಳಿಯಿತು.

ಫೋನ್ ಮಾಡಿದರೆ, "ಅದು ಗೆದ್ದಲು ಸಾರ್." ಗೆದ್ದಲಿನ ಮಣ್ಣೆಲ್ಲಿ? ಮತ್ತೆ ಕೇಳಿದರೆ, "ಹಳೆಯ ಮರ, ಅದಕ್ಕೂ ಆಯಸ್ಸು ಇರುತ್ತದಲ್ಲ." ಆಯಸ್ಸಂತೆ! ಆಮೇಲೆ, "ಒರೆಸಲು ಹೇಳಿದಿರಿ, ಒರೆಸಿದೆವು. ಮರದ ಮಾತೇ ಬಂದಿರಲಿಲ್ಲ." ಕೊನೆಗೆ ಏನೆಂದರು ಗೊತ್ತೇ? "ಪುಟ್ಟಿ ತುಂಬಿ ಚಿತ್ರ ಹೊಸದಾಗಿ ಬರೆದುಕೊಡುತ್ತೇವೆ, ಗುರುತೇ ಸಿಗುವುದಿಲ್ಲ." ಅದಕ್ಕೂ ಬೇರೆ ದುಡ್ಡು!

ಮೇಲೆ ಕಾಣುವ ಬೂಷ್ಟು ಬಣ್ಣದೊಳಗಿನ ಅಂಟನ್ನು ತಿಂದು ಬದುಕುತ್ತದೆ. ಮರ ತಿನ್ನುವ ಶಿಲೀಂಧ್ರವೇ ಬೇರೆ. ಮರವನ್ನು ಹೀಗೆ ಕಂದಾಗಿಸಿ ಕೊಳೆಸುವ ಶಿಲೀಂಧ್ರ ಮರಕ್ಕೆ ಬಲ ಕೊಡುವ ನಾರನ್ನು (ಸೆಲ್ಯುಲೋಸ್) ತಿಂದು, ನಾರನ್ನು ಬಿಗಿದಿಡುವ ಕಂದು ಅಂಶವನ್ನು (ಲಿಗ್ನಿನ್) ಬಿಡುತ್ತದೆ, ಹಾಗಾಗಿ ಆಕಾರ ಉಳಿದು ಬಲ ಹೋಗುತ್ತದೆ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಅದು ಸಾಮಾನ್ಯವಾಗಿ ಬೆಳೆಯದು. ಮೊದಲು ಒಣಗಿಸಬೇಕು, ಅದೂ ನಿಧಾನವಾಗಿ. ಅವಸರಪಟ್ಟರೆ ಬಣ್ಣ ಚಕ್ಕೆ ಏಳುತ್ತದೆ. ಇವರು ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ಲೀಚಿಂಗ್ ನೀರು ಸವರಿ, ಎರಡೂ ಬದಿಗೆ ವಾರ್ನಿಷ್ ಬಳಿದು ತೇವವನ್ನು ಒಳಗೇ ಕೂಡಿಹಾಕಿದರು. ಅಂಚಿನ ನೀಲಿ ಬಣ್ಣವೂ ಬಿಳುಚಿಕೊಂಡಿದೆ. ಬ್ಲೀಚಿಂಗ್ ಯಾಕೆ ಎಂದರೆ, "ಎಲ್ಲರೂ ಅದನ್ನೇ ಹಾಕುವುದು."

ಕೆಲಸ ಒಪ್ಪಿಸುವ ಮೊದಲು ತೇವಾಂಶ ಎಷ್ಟಿದೆ ಎಂದು ಕೇಳಿ. ಮೀಟರ್ ಇಡದೆ ವಾರ್ನಿಷ್ ಡಬ್ಬಿ ತೆರೆಯುವವರಾದರೆ ಹಲಗೆ ವಾಪಸ್ ತನ್ನಿ. ಮೊದಲೇ ಹಿಂಬದಿಯ ಫೋಟೊ ತೆಗೆದಿಡಿ, ಏನೇನು ಹಚ್ಚುತ್ತಾರೆಂದು ಬರೆಸಿಕೊಳ್ಳಿ. ನನ್ನ ಹಣ ಬಂದಿಲ್ಲ. ಈಗ ಫೋನನ್ನೂ ಎತ್ತುತ್ತಿಲ್ಲ.