ಜರ್ಮನಿಯಲ್ಲಿ ಲೈಸೆನ್ಸ್: ಡ್ರೈವಿಂಗ್ ಸ್ಕೂಲಿನ ಕರಾರಿಗೆ ಸಹಿ ಹಾಕುವ ಮೊದಲು ಇದನ್ನು ಓದಿ

ಜರ್ಮನಿಗೆ ಕೆಲಸಕ್ಕೆ ಬಂದಿರುವವರು, ಬರಲು ಸಿದ್ಧವಾಗಿರುವವರು ದಯವಿಟ್ಟು ಪೂರ್ತಿ ಓದಿ. ನಮ್ಮ ದೇಶದ ಡಿಎಲ್ ಇರುವವರು ಇಲ್ಲಿನ ಲೈಸೆನ್ಸ್ ಪಡೆಯಲು ಎರಡು ಪರೀಕ್ಷೆ ಪಾಸಾಗಬೇಕು. ಒಂದು ಥಿಯರಿ, ಇನ್ನೊಂದು ರಸ್ತೆಯ ಮೇಲಿನದು. ಡ್ರೈವಿಂಗ್ ಸ್ಕೂಲಿನ ತರಗತಿಗಳು ನಮಗೆ ಕಡ್ಡಾಯ ಅಲ್ಲ. ಇದನ್ನು ಮುಚ್ಚಿಟ್ಟು ನನ್ನ ಹತ್ತಿರ ದುಡ್ಡು ಕಟ್ಟಿಸಿಕೊಂಡರು. ಸಿಟ್ಟು ಇನ್ನೂ ಇಳಿದಿಲ್ಲ. ಬೆಂಗಳೂರಿನಿಂದ ಸ್ಟುಟ್‌ಗಾರ್ಟ್ ಕಡೆಗೆ ಬರುವ ನಮ್ಮವರು ಜಾಸ್ತಿ ಇದ್ದಾರೆ, ಪ್ರತಿ ತಿಂಗಳೂ ಹೊಸಬರು ಬರುತ್ತಾರೆ. ಅವರಿಗೂ ಹೀಗೇ ಆಗಬಾರದು.

ಮೊದಲು ಆರು ತಿಂಗಳ ವಿಷಯ. ಜರ್ಮನಿಯಲ್ಲಿ ಮನೆ ಮಾಡಿ ನೆಲೆಸಿದ ದಿನದಿಂದ ಆರು ತಿಂಗಳು ನಮ್ಮ ಡಿಎಲ್ ಮೇಲೆ ಇಲ್ಲಿ ಗಾಡಿ ಓಡಿಸಬಹುದು. ಜೊತೆಗೆ ಅದರ ಜರ್ಮನ್ ಅನುವಾದ ಇರಬೇಕು. ಆಮೇಲೆ ಓಡಿಸುವ ಹಾಗಿಲ್ಲ. ಊರಿನಿಂದ ಹೊರಡುವ ಮುಂಚೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬರುತ್ತೇವಲ್ಲ, ಅದರ ಮೇಲೆ ಒಂದು ವರ್ಷ ಎಂದು ಬರೆದಿರುತ್ತದೆ. ಅದನ್ನು ನಂಬಿ ಒಂದು ವರ್ಷ ಓಡಿಸುವವರು ಇದ್ದಾರೆ. ಇಲ್ಲಿ ವಾಸ ಮಾಡುವವರಿಗೆ ಲೆಕ್ಕ ಆರು ತಿಂಗಳೇ, ಪರ್ಮಿಟ್ ಮೇಲೆ ಏನೇ ಬರೆದಿರಲಿ.

ಆರು ತಿಂಗಳು ದಾಟಿದ ಮೇಲೆ ಓಡಿಸಿ ಸಿಕ್ಕಿಬಿದ್ದರೆ ಪಾರ್ಕಿಂಗ್ ದಂಡದ ಹಾಗೆ ಕಟ್ಟಿ ಮರೆಯುವುದಕ್ಕೆ ಆಗುವುದಿಲ್ಲ. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸುವುದು ಇಲ್ಲಿ ಕ್ರಿಮಿನಲ್ ಅಪರಾಧ. ಕಾನೂನಿನಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಎಂದಿದೆ. ಗಾಡಿಯನ್ನು ಕೊಟ್ಟ ಮಾಲೀಕರ ಮೇಲೂ ಕೇಸು ಬರಬಹುದು. ಅಪಘಾತ ಆದರೆ ಎದುರಿನವರಿಗೆ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುತ್ತದೆ, ಆಮೇಲೆ ನಿಮ್ಮಿಂದ 5,000 ಯೂರೋವರೆಗೆ ವಾಪಸ್ ಕೇಳಬಹುದು. ವೀಸಾ ಮೇಲೆ ಇರುವವರು ಇಂಥ ಕೇಸು ಮೈಮೇಲೆ ಹಾಕಿಕೊಳ್ಳುವುದು ಬೇಡವೇ ಬೇಡ. ಈ ಭಯ ನನಗೂ ಇತ್ತು. ಸ್ಕೂಲಿನವರು ಬಂಡವಾಳ ಮಾಡಿಕೊಂಡದ್ದು ಇದನ್ನೇ.

ನಾನಿರುವ ಊರಿನಲ್ಲಿ ಮಗುವನ್ನು ಡೇ ಕೇರ್‌ಗೆ ಬಿಟ್ಟು ಆಫೀಸಿಗೆ ಹೋಗಲು ಬಸ್ಸು ಸರಿಯಾಗಿಲ್ಲ. ಕಾರು ಬೇಕೇ ಬೇಕಿತ್ತು. ಮನೆ ಹತ್ತಿರದ ಒಂದು ಡ್ರೈವಿಂಗ್ ಸ್ಕೂಲಿಗೆ ಹೋದೆ. ಕರ್ನಾಟಕದ ಡಿಎಲ್ ಕೌಂಟರ್ ಮೇಲೆ ಇಟ್ಟೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ವರ್ಷಗಟ್ಟಲೆ ಓಡಿಸಿದ್ದೇನೆ, ಇದನ್ನು ಇಲ್ಲಿನ ಲೈಸೆನ್ಸ್‌ಗೆ ಬದಲಾಯಿಸಬೇಕು, ಏನೇನು ಕಡ್ಡಾಯ ಎಂದು ನೇರವಾಗಿ ಕೇಳಿದೆ. ಅಲ್ಲಿದ್ದವರು ಡಿಎಲ್ ತಿರುಗಿಸಿ ಕೂಡ ನೋಡಲಿಲ್ಲ. ಯುರೋಪಿನ ಹೊರಗಿನವರೆಲ್ಲ ಮೊದಲಿಂದ ಕಲಿಯಬೇಕು, 14 ಥಿಯರಿ ತರಗತಿ, 12 ವಿಶೇಷ ಪಾಠ, ಇದು ಕಾನೂನು ಎಂದರು. ಆರು ತಿಂಗಳು ಮುಗಿಯುತ್ತಾ ಬಂದಿದೆ, ಈಗಲೇ ಸೇರದಿದ್ದರೆ ಸೀಟು ಸಿಗುವುದಿಲ್ಲ ಎಂದೂ ಸೇರಿಸಿದರು. ಕರಾರು ಪತ್ರ ಪೂರ್ತಿ ಜರ್ಮನ್‌ನಲ್ಲಿ. ದಾಖಲಾತಿ ಶುಲ್ಕ ಆ ದಿನವೇ ಕಟ್ಟಬೇಕಿತ್ತು.

ಆ 12 ಪಾಠ ಏನು ಎಂದು ಹೇಳುತ್ತೇನೆ. ಇಲ್ಲಿ ಹೊಸದಾಗಿ ಕಲಿಯುವ ಹುಡುಗ ಹುಡುಗಿಯರಿಗೆ ಅವು ನಿಜಕ್ಕೂ ಕಡ್ಡಾಯ. ಊರಾಚೆ ರಸ್ತೆಯಲ್ಲಿ ಐದು, ಆಟೋಬಾನ್ ಎಂಬ ಹೆದ್ದಾರಿಯಲ್ಲಿ ನಾಲ್ಕು, ಕತ್ತಲಲ್ಲಿ ಮೂರು, ಒಂದೊಂದೂ 45 ನಿಮಿಷ. ಮಾಮೂಲಿ ಪಾಠಕ್ಕಿಂತ ಇವಕ್ಕೆ ದರ ಜಾಸ್ತಿ. ಬರೀ ಈ ಹನ್ನೆರಡಕ್ಕೇ ಸಾವಿರ ಯೂರೋ ಹತ್ತಿರ ಹೋಗಬಹುದು. ಆದರೆ ಬೇರೆ ದೇಶದ ಲೈಸೆನ್ಸ್ ಈಗಾಗಲೇ ಇರುವವರಿಗೆ ಈ ತರಬೇತಿಯ ನಿಯಮ ಅನ್ವಯಿಸುವುದಿಲ್ಲ. ಜರ್ಮನಿಯ ಲೈಸೆನ್ಸ್ ನಿಯಮಾವಳಿಯ 31ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಜಪಾನ್, ದಕ್ಷಿಣ ಕೊರಿಯಾ, ಸ್ವಿಟ್ಜರ್‌ಲ್ಯಾಂಡ್‌ನಂಥ ದೇಶಗಳ ಪಟ್ಟಿಯೊಂದಿದೆ, ಅವರಿಗೆ ಪರೀಕ್ಷೆಯೂ ಇಲ್ಲ. ಭಾರತ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ನಮಗೆ ಪರೀಕ್ಷೆ ಇದೆ. ಕಡ್ಡಾಯ ತರಗತಿ ಮಾತ್ರ ಇಲ್ಲ.

ನನಗೆ ಇದು ಗೊತ್ತಾದದ್ದು ಲೈಸೆನ್ಸ್ ಕಚೇರಿಯ ಕೌಂಟರಿನಲ್ಲಿ. ಅಷ್ಟು ಹೊತ್ತಿಗೆ ವಿಶೇಷ ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದು, ದುಡ್ಡೂ ಹೋಗಿತ್ತು. ಅಲ್ಲಿನ ಮಹಿಳೆ ನನ್ನ ಅರ್ಜಿ ನೋಡಿ, ನೀವು ಉಮ್‌ಶ್ರೈಬುಂಗ್, ಅಂದರೆ ಲೈಸೆನ್ಸ್ ಬದಲಾವಣೆಯ ಅರ್ಜಿದಾರರು, ನಿಮಗೆ ತರಬೇತಿ ಪ್ರಮಾಣಪತ್ರ ಬೇಕಿಲ್ಲವಲ್ಲ ಎಂದರು. ಕಾಗದದಲ್ಲಿ ಅದೇ ಇತ್ತು. ಅದರ ಪ್ರತಿ ಹಿಡಿದುಕೊಂಡು ಸ್ಕೂಲಿಗೆ ಹೋದೆ. ಅದು ಕಚೇರಿಯ ನಿಯಮ, ಇದು ನಮ್ಮ ಸ್ಕೂಲಿನ ನಿಯಮ ಎಂದರು. ಮೊದಲ ದಿನ ಕಾನೂನು ಎಂದವರು ಇವರೇ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಪಾಠವೇ ಬೇಡ ಎಂದು ನಾನು ಹೇಳುತ್ತಿಲ್ಲ. ಪಾಠ ಬೇಕು. ನಮ್ಮಲ್ಲಿ ಎಡಕ್ಕೆ ಓಡಿಸುತ್ತೇವೆ, ಇಲ್ಲಿ ಬಲಕ್ಕೆ. ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ, ಅದು ಎಷ್ಟೇ ಚಿಕ್ಕ ಗಲ್ಲಿಯಾಗಿರಲಿ. ತಿರುಗುವ ಮುಂಚೆ ಕನ್ನಡಿ ನೋಡಿದರೆ ಸಾಲದು, ಭುಜದ ಮೇಲಿಂದ ಕುತ್ತಿಗೆ ತಿರುಗಿಸಿ ನೋಡಬೇಕು. ಸೈಕಲ್ ಓವರ್‌ಟೇಕ್ ಮಾಡುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಜಾಗ ಬಿಡಬೇಕು. ನಮ್ಮ ಕೈಗೆ ಕಾಲಿಗೆ ಅಂಟಿದ ಅಭ್ಯಾಸಗಳನ್ನು ಬಿಡಿಸಲು ಒಳ್ಳೆಯ ಶಿಕ್ಷಕರು ಬೇಕೇ ಬೇಕು. ಹದಿನೈದು ವರ್ಷ ಓಡಿಸಿದ್ದೇನೆ ಎಂದು ನೇರ ಪರೀಕ್ಷೆಗೆ ಹೋದವರು ಭುಜ ತಿರುಗಿಸದೆ ಫೇಲಾದದ್ದನ್ನು ನೋಡಿದ್ದೇನೆ. ಎಷ್ಟು ಪಾಠ ಬೇಕು ಎನ್ನುವುದು ನಿಮ್ಮ ಡ್ರೈವಿಂಗ್ ನೋಡಿ ತೀರ್ಮಾನ ಆಗಬೇಕು, ಇಲ್ಲದ ಕಾನೂನನ್ನು ಹೇಳಿ ಅಲ್ಲ.

ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೇವೆ. ಪರೀಕ್ಷೆಗೆ ನಾವೇ ಹೋಗಿ ನಿಲ್ಲುವ ಹಾಗಿಲ್ಲ. ಎರಡೂ ಕಡೆ ಬ್ರೇಕ್ ಇರುವ ಸ್ಕೂಲಿನ ಕಾರು ಬೇಕು, ಪಕ್ಕದಲ್ಲಿ ಶಿಕ್ಷಕರು ಕೂತಿರಬೇಕು, ಪರೀಕ್ಷಕರು ಹಿಂದೆ ಕೂರುತ್ತಾರೆ. ದಿನಾಂಕ ಬುಕ್ ಮಾಡುವವರೂ ಸ್ಕೂಲಿನವರೇ. ಹಾಗಾಗಿ ನೀವು ಇನ್ನೂ ಸಿದ್ಧವಾಗಿಲ್ಲ ಎಂದು ಅವರು ಹೇಳಿದರೆ ಮುಗಿಯಿತು. ನನಗೆ ತಿಂಗಳುಗಟ್ಟಲೆ ಅದೇ ಉತ್ತರ. ಏನು ತಪ್ಪು ಎಂದು ಕೇಳಿದರೆ ಒಂದು ವಾರ ಪಾರ್ಕಿಂಗ್, ಮುಂದಿನ ವಾರ ವೇಗ ಕಡಿಮೆ, ಆಮೇಲೆ ವೇಗ ಜಾಸ್ತಿ. ಮಧ್ಯದಲ್ಲಿ ಶಿಕ್ಷಕರು ಬದಲಾದರು. ಹೊಸಬರು ಮತ್ತೆ ಮೊದಲಿಂದ ನೋಡಬೇಕು ಎಂದರು. 45 ನಿಮಿಷದ ಒಂದು ಪಾಠಕ್ಕೆ ಈಗ ಸುಮಾರು 55ರಿಂದ 75 ಯೂರೋ ಇದೆ. ಪ್ರತಿ ವಾರ ಅಷ್ಟು ಕೈಬಿಡುತ್ತಿತ್ತು.

ಹೀಗೆ ಎಳೆದಾಡುವುದರಲ್ಲಿ ಇನ್ನೊಂದು ಅಪಾಯ ಇದೆ. ಥಿಯರಿ ಪಾಸಾದರೆ ಅದು 12 ತಿಂಗಳು ಮಾತ್ರ ನಿಲ್ಲುತ್ತದೆ. ಅಷ್ಟರಲ್ಲಿ ರಸ್ತೆ ಪರೀಕ್ಷೆ ಪಾಸಾಗದಿದ್ದರೆ ಥಿಯರಿ ಮತ್ತೆ ಬರೆಯಬೇಕು. ನನ್ನ ಥಿಯರಿಯ ವರ್ಷ ಮುಗಿಯುತ್ತಾ ಬಂದಾಗಲೇ ನಾನು ಸ್ಕೂಲು ಬಿಡುವ ತೀರ್ಮಾನ ಮಾಡಿದ್ದು.

ಬಿಡುವುದೂ ಸುಲಭ ಆಗಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಬಿಡುವ ಶುಲ್ಕ ಎಂದು ಕರಾರಿನಲ್ಲಿ ಇಲ್ಲದ ಒಂದು ಲೆಕ್ಕ ಕಳಿಸಿದರು. ಕೊನೆಗೆ ಬರವಣಿಗೆಯಲ್ಲಿ ಕರಾರು ರದ್ದು ಮಾಡುತ್ತೇನೆ ಎಂದು ರಿಜಿಸ್ಟರ್ಡ್ ಪತ್ರ ಕಳಿಸಿದೆ. ಲೈಸೆನ್ಸ್ ಕಚೇರಿಗೆ ಸ್ಕೂಲು ಬದಲಾವಣೆ ತಿಳಿಸಿದೆ. ಹೊಸ ಸ್ಕೂಲಿನ ಶಿಕ್ಷಕರು ಒಂದು ಪಾಠ ಓಡಿಸಿ ನೋಡಿದರು. ಕೂಡುರಸ್ತೆ ಮತ್ತು ಭುಜದ ನೋಟ, ಇಷ್ಟೇ ಸರಿ ಮಾಡಬೇಕು ಎಂದರು. ಕೆಲವೇ ಪಾಠಗಳಲ್ಲಿ ಪರೀಕ್ಷೆ ದಿನಾಂಕ ಕೊಟ್ಟರು, ಪಾಸಾದೆ.

ಈಗ ಹೊಸಬರು ಏನು ಮಾಡಬೇಕು? ಸ್ಕೂಲಿಗೆ ಹೋಗುವ ಮುಂಚೆಯೇ ನಿಮ್ಮ ಊರಿನ ಲೈಸೆನ್ಸ್ ಕಚೇರಿಗೆ ಈಮೇಲ್ ಮಾಡಿ. ಭಾರತದ ಡಿಎಲ್ ಬದಲಾವಣೆಗೆ ನನಗೆ ಏನೇನು ಕಡ್ಡಾಯ ಎಂದು ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಆ ಉತ್ತರವನ್ನು ಸ್ಕೂಲಿನವರ ಮುಂದೆ ಇಟ್ಟು ಮಾತಾಡಿ. ಅದನ್ನು ನೋಡಿ ಮುಖ ಗಂಟಿಕ್ಕುವ ಸ್ಕೂಲಿನಲ್ಲಿ ಸೇರಬೇಡಿ. ದರಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು ಎಂಬ ನಿಯಮ ಇದೆ, ಅದರ ಫೋಟೋ ತೆಗೆದುಕೊಳ್ಳಿ. ಮೊದಲು ಒಂದೇ ಒಂದು ಪಾಠ ತೆಗೆದುಕೊಂಡು, ಇನ್ನೆಷ್ಟು ಬೇಕಾಗಬಹುದು ಎಂದು ಶಿಕ್ಷಕರನ್ನೇ ಕೇಳಿ. ಪ್ಯಾಕೇಜ್ ಎಂದು ಒಟ್ಟಿಗೆ ದುಡ್ಡು ಕಟ್ಟಬೇಡಿ. ಜರ್ಮನ್ ಬರುವ ಸ್ನೇಹಿತರಿಗೆ ತೋರಿಸದೆ ಕರಾರಿಗೆ ಸಹಿ ಹಾಕಬೇಡಿ, ಸ್ಕೂಲಿನವರು ಎಷ್ಟೇ ಅವಸರ ಮಾಡಲಿ.

ಕಾಗದಪತ್ರ ಮೊದಲೇ ಶುರು ಮಾಡಿ. ಕಣ್ಣಿನ ಪರೀಕ್ಷೆ ಕನ್ನಡಕದ ಅಂಗಡಿಯಲ್ಲೇ ಆಗುತ್ತದೆ, ಕೆಲವೇ ಯೂರೋ. ಪ್ರಥಮ ಚಿಕಿತ್ಸೆ ಕೋರ್ಸ್ 45 ನಿಮಿಷದ ಒಂಬತ್ತು ತರಗತಿ, ಒಂದು ಶನಿವಾರದಲ್ಲಿ ಮುಗಿಯುತ್ತದೆ. ಡಿಎಲ್ ಅನುವಾದವನ್ನು ಎಡಿಎಸಿ ಎಂಬ ವಾಹನ ಸವಾರರ ಸಂಘದಿಂದ ಅಥವಾ ಪ್ರಮಾಣ ಸ್ವೀಕರಿಸಿದ ಅನುವಾದಕರಿಂದ ಮಾಡಿಸಿ. ಬಯೋಮೆಟ್ರಿಕ್ ಫೋಟೋ, ಪಾಸ್‌ಪೋರ್ಟ್, ವಿಳಾಸ ನೋಂದಣಿ ಪತ್ರ ಬೇಕು. ಅರ್ಜಿ ಒಪ್ಪಿಗೆ ಆಗಿ ಬರಲು ಕೆಲವು ಊರುಗಳಲ್ಲಿ ವಾರಗಳಲ್ಲ, ತಿಂಗಳುಗಳೇ ಬೇಕು. ಆರು ತಿಂಗಳಲ್ಲಿ ಐದು ಕಳೆದ ಮೇಲೆ ಎದ್ದರೆ ಯಾರು ಹೆದರಿಸಿದರೂ ಹೆದರಬೇಕಾಗುತ್ತದೆ.

ಥಿಯರಿಯನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. 30 ಪ್ರಶ್ನೆ, ತಪ್ಪಿನ ಅಂಕ ಹತ್ತು ದಾಟಬಾರದು. ಐದಂಕದ ಎರಡು ಪ್ರಶ್ನೆ ತಪ್ಪಾದರೆ, ಒಟ್ಟು ಹತ್ತೇ ಆದರೂ ಫೇಲು. ಪ್ರಶ್ನೆಗಳನ್ನು ವರ್ಷಕ್ಕೆ ಎರಡು ಸಲ ಬದಲಾಯಿಸುತ್ತಾರೆ, ಆದ್ದರಿಂದ ಸ್ನೇಹಿತರ ಹಳೇ ಪುಸ್ತಕ ಬೇಡ, ಹೊಸ ಆ್ಯಪ್ ತೆಗೆದುಕೊಳ್ಳಿ. ರಸ್ತೆ ಪರೀಕ್ಷೆ 55 ನಿಮಿಷ, ಅದು ಜರ್ಮನ್‌ನಲ್ಲಿ. ಎಡಕ್ಕೆ, ಬಲಕ್ಕೆ, ಮುಂದಿನ ಸಿಗ್ನಲ್‌ನಲ್ಲಿ, ನಿಲ್ಲಿಸಿ, ಇಷ್ಟು ಅರ್ಥವಾಗುವ ಜರ್ಮನ್ ಸಾಕಾಗುತ್ತದೆ. ಪಾಠಗಳನ್ನೂ ಜರ್ಮನ್‌ನಲ್ಲೇ ಹೇಳಿ ಎಂದು ಶಿಕ್ಷಕರನ್ನು ಕೇಳಿಕೊಳ್ಳಿ, ಕಿವಿ ಪಳಗುತ್ತದೆ.

ಇನ್ನೂ ಊರಲ್ಲೇ ಇರುವವರಿಗೆ ಒಂದು ಮುಖ್ಯ ವಿಷಯ. ಡಿಎಲ್ ಇಲ್ಲದೆ ಜರ್ಮನಿಗೆ ಬಂದು, ಆಮೇಲೆ ರಜಕ್ಕೆ ಬೆಂಗಳೂರಿಗೆ ಹೋದಾಗ ಮಾಡಿಸಿಕೊಂಡರಾಯಿತು ಎಂದುಕೊಳ್ಳುವವರಿದ್ದಾರೆ. ಅದು ನಡೆಯುವುದಿಲ್ಲ. ಇಲ್ಲಿ ನೆಲೆಸಿದ ಮೇಲೆ ಅಲ್ಲಿ ಪಡೆದ ಲೈಸೆನ್ಸ್‌ಗೆ ಇಲ್ಲಿ ಬೆಲೆ ಇಲ್ಲ. ಎಲ್‌ಎಲ್‌ಆರ್‌ಗೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಬರುವುದಾದರೆ ಇಬ್ಬರೂ ಹೊರಡುವ ಮುಂಚೆಯೇ ಪಕ್ಕಾ ಡಿಎಲ್ ಮಾಡಿಸಿಕೊಳ್ಳಿ. ಬಂದ ಮೇಲೆ ಒಬ್ಬರಿಗೆ ಇಲ್ಲ ಎಂದಾದರೆ ಅವರಿಗೆ ಆ 14 ತರಗತಿ, 12 ಪಾಠ ನಿಜವಾಗಿಯೂ ಕಡ್ಡಾಯ.

ಪರೀಕ್ಷೆ ಇಲ್ಲದೆ ಅಸಲಿ ಜರ್ಮನ್ ಲೈಸೆನ್ಸ್ ಕೊಡಿಸುತ್ತೇವೆ ಎಂದು ಟೆಲಿಗ್ರಾಂನಲ್ಲಿ ಮೆಸೇಜು ಬರುತ್ತವೆ. ಉತ್ತರವನ್ನೂ ಕೊಡಬೇಡಿ. ದುಡ್ಡು ಹೋಗುವುದು ಒಂದು, ನಕಲಿ ಕಾಗದ ತೋರಿಸಿ ಸಿಕ್ಕಿಬಿದ್ದರೆ ಅದೇ ಬೇರೆ ಅಪರಾಧ.

ನನ್ನ ಹಾಗೆ ಈಗಾಗಲೇ ಸಿಕ್ಕಿಹಾಕಿಕೊಂಡವರು ಸುಮ್ನೆ ಇರಬೇಡಿ. ರಸೀದಿಗಳನ್ನೆಲ್ಲ ಇಟ್ಟುಕೊಳ್ಳಿ, ಸ್ಕೂಲಿನವರ ಜೊತೆ ಮಾತನ್ನು ಈಮೇಲ್‌ನಲ್ಲೇ ನಡೆಸಿ. ಡ್ರೈವಿಂಗ್ ಸ್ಕೂಲುಗಳ ಮೇಲೆ ಕಣ್ಣಿಡುವ ಸರ್ಕಾರಿ ವಿಭಾಗ ಇದೆ, ಅಲ್ಲಿಗೆ ಲಿಖಿತ ದೂರು ಕೊಡಬಹುದು. ಕರಾರಿನ ವಿಷಯಕ್ಕೆ ಫೆರ್‌ಬ್ರೌಖರ್‌ಸೆಂಟ್ರಾಲೆ ಎಂಬ ಗ್ರಾಹಕ ಸಲಹಾ ಕೇಂದ್ರದವರು ಪತ್ರ ಓದಿ ಸಲಹೆ ಕೊಡುತ್ತಾರೆ. ನಾನು ಎರಡೂ ಕಡೆ ಹೋಗಿದ್ದೇನೆ. ಬಿಡುವ ಶುಲ್ಕದ ಬೇಡಿಕೆಯನ್ನು ಸ್ಕೂಲಿನವರು ಕೈಬಿಟ್ಟಿದ್ದಾರೆ. ವಿಶೇಷ ಪಾಠಗಳಿಗೆ ಕಟ್ಟಿದ ಹೆಚ್ಚಿನ ದುಡ್ಡು ಇನ್ನೂ ಬಂದಿಲ್ಲ, ಕೇಳುವುದನ್ನು ನಾನು ನಿಲ್ಲಿಸಿಲ್ಲ.